ಗೋಧಿ ಒಗ್ಗದವರ ಊಟ: ಮನೆಯಲ್ಲಿ ಮತ್ತು ಹೋಟೆಲಿನಲ್ಲಿ

(ಧಾರವಾಡ ಭಾಗದ ರೈತರು ಮತ್ತು ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಗೃಹವಿಜ್ಞಾನ ವಿಸ್ತರಣಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ನಿನ್ನೆ ಇದೇ ಸಭಾಂಗಣದಲ್ಲಿ ಗೋಧಿಯ ಸುಧಾರಿತ ತಳಿಗಳ ಬಗ್ಗೆ ಕೇಳಿದ್ದೀರಿ. ಇಂದು ನಾನು ಗೋಧಿಯನ್ನು ತಿನ್ನಲಾಗದವರ ಬಗ್ಗೆ ಮಾತನಾಡುವವಳಿದ್ದೇನೆ. ಇವೆರಡರ ನಡುವೆ ಜಗಳವೇನೂ ಇಲ್ಲ. ಗೋಧಿ ಒಳ್ಳೆಯ ಧಾನ್ಯ. ಅದು ಒಗ್ಗುವವರು ಅದನ್ನು ಬಿಡಲು ಕಾರಣವಿಲ್ಲ. ಈಚೆಗೆ ಪಟ್ಟಣಗಳಲ್ಲಿ ತೂಕ ಇಳಿಸಲೆಂದು ಗೋಧಿ ಬಿಡುವ ರೂಢಿ ಬಂದಿದೆ. ಅದು ನನ್ನ ವಿಷಯವಲ್ಲ. ಯಾರಿಗೆ ಗೋಧಿಯ ಒಂದು ತುತ್ತು ಕೂಡ ಕರುಳನ್ನು ಕೆಡಿಸುತ್ತದೆಯೋ ಅಂಥವರ ಊಟದ ವಿಚಾರ ನಾನು ಹೇಳುವುದು. ಅವರಿಗೆ ಬರೀ ಹೊಟ್ಟೆ ತುಂಬಿದರೆ ಸಾಲದು, ಉಂಡ ಸಮಾಧಾನವೂ ಆಗಬೇಕು. ಅದಿಲ್ಲವಾದರೆ ಯಾವ ಪಥ್ಯವೂ ಹೆಚ್ಚು ದಿನ ನಿಲ್ಲುವುದಿಲ್ಲ.

ನಮ್ಮ ಮನೆಯದೇ ಸಂಗತಿಯಿಂದ ಪ್ರಾರಂಭಿಸುತ್ತೇನೆ. ನನ್ನ ತಮ್ಮ ಪಟ್ಟಣದಲ್ಲಿ ನೌಕರಿಯಲ್ಲಿದ್ದಾನೆ. ಅವನ ಮಗಳಿಗೆ ಆಗ ಒಂಬತ್ತು ವರ್ಷ. ನೋಡಿದರೆ ಆರು ವರ್ಷದ ಕೂಸಿನಂತಿದ್ದಳು. ಹೊಟ್ಟೆ ಉಬ್ಬರ, ಕೈಕಾಲು ಕಡ್ಡಿ. ರಕ್ತ ಕಡಿಮೆ ಎಂದು ಎರಡು ವರ್ಷ ಕಬ್ಬಿಣಾಂಶದ ಔಷಧ ಕುಡಿಸಿದರು, ಜಂತುಹುಳುವಿನ ಗುಳಿಗೆ ಕೊಟ್ಟರು, ನಮ್ಮ ತಾಯಿ ದೃಷ್ಟಿ ತೆಗೆದರು. ಗುಣ ಕಾಣಲಿಲ್ಲ. ಆ ಮನೆಯಲ್ಲಿ ಮುಂಜಾನೆ ಉಪ್ಪಿಟ್ಟು ಅಥವಾ ಬ್ರೆಡ್ಡು, ಮಧ್ಯಾಹ್ನ ಮತ್ತು ರಾತ್ರಿ ಚಪಾತಿ. ಮಗು ಸೊರಗಿದೆಯೆಂದು ಇನ್ನೊಂದು ಚಪಾತಿ ಹೆಚ್ಚಿಗೆ ತಿನ್ನಿಸುತ್ತಿದ್ದರು. ಕೊನೆಗೆ ಒಬ್ಬ ಮಕ್ಕಳ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಅನಂತರ ಬಾಯಿಯ ಮೂಲಕ ನಳಿಕೆ ಇಳಿಸಿ ಸಣ್ಣ ಕರುಳಿನ ಚೂರನ್ನು ಪರೀಕ್ಷೆಗೆ ತೆಗೆದು, ಇದು ಸೀಲಿಯಾಕ್ ಎಂಬ ಕಾಯಿಲೆ, ಗೋಧಿಯನ್ನು ಜನ್ಮಪೂರ್ತಿ ಬಿಡಬೇಕು ಎಂದರು.

ಆ ಸಂಜೆ ಹುಡುಗಿ ನನ್ನನ್ನು ಕೇಳಿದ ಮಾತು ಈಗಲೂ ನೆನಪಿದೆ. “ಅತ್ತಿ, ಇನ್ನ ನಾ ಎಲ್ಲಾರ ಜೋಡಿ ಕೂತು ಉಣ್ಣಾಂಗಿಲ್ಲೇನು?”

ಕಾಯಿಲೆಯ ಸ್ವರೂಪ

ಗೋಧಿ ಹಿಟ್ಟನ್ನು ಕಣಕದಂತೆ ನಾದಿ, ನೀರಿನಲ್ಲಿ ಹಿಸುಕುತ್ತಾ ತೊಳೆದರೆ ಪಿಷ್ಟವೆಲ್ಲ ಹಾಲಿನಂತೆ ಹರಿದು ಹೋಗಿ ರಬ್ಬರಿನಂಥ ಜಿಗುಟು ಪದಾರ್ಥ ಕೈಯಲ್ಲಿ ಉಳಿಯುತ್ತದೆ. ಇದೇ ಗ್ಲುಟೆನ್, ಅಂದರೆ ಗೋಧಿಯ ಅಂಟು. ಇದೊಂದು ಸಸಾರಜನಕ. ಚಪಾತಿ ಉಬ್ಬುವುದು, ಬ್ರೆಡ್ಡು ಮೆತ್ತಗಾಗುವುದು, ಹೋಳಿಗೆ ಹರಿಯದೆ ಹಿಗ್ಗುವುದು ಇದರಿಂದಲೇ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದೇ ಜಾತಿಯ ಅಂಟು ಇದೆ. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಂಥ ಸೂಕ್ಷ್ಮ ಚಾಚುಗಳಿದ್ದು, ಆಹಾರದ ಸತ್ವವನ್ನು ಅವು ಹೀರಿಕೊಳ್ಳುತ್ತವೆ. ಸೀಲಿಯಾಕ್ ಇರುವವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಈ ಅಂಟಿನ ವಿರುದ್ಧ ಎದ್ದು, ಆ ಚಾಚುಗಳನ್ನು ಸವೆಸಿಬಿಡುತ್ತದೆ. ಮಣ್ಣಿನ ಮೇಲ್ಪದರ ಕೊಚ್ಚಿಹೋದ ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೂ ನಿಲ್ಲದಂತೆ, ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ಮೇಲಿಂದ ಮೇಲೆ ಭೇದಿ, ಹೊಟ್ಟೆ ಉಬ್ಬರ, ಮಕ್ಕಳು ಎತ್ತರ ಬೆಳೆಯದಿರುವುದು, ಔಷಧ ಕೊಟ್ಟರೂ ಹೋಗದ ರಕ್ತಹೀನತೆ, ಬಾಯಿಹುಣ್ಣು, ಎಲುಬಿನ ದುರ್ಬಲತೆ, ಕೆಲವು ಸ್ತ್ರೀಯರಲ್ಲಿ ಪದೇ ಪದೇ ಗರ್ಭಪಾತ, ಇವು ಇದರ ಚಿಹ್ನೆಗಳು. ಎಲ್ಲವೂ ಒಬ್ಬರಲ್ಲೇ ಇರಬೇಕೆಂದಿಲ್ಲ.

ಈ ಕಾಯಿಲೆಗೂ ಗೋಧಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೂ ಗತಿಯಿಲ್ಲದಂಥ ಕ್ಷಾಮ ಬಂದಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಡಿಕ್ಕೆ ಅದಕ್ಕೂ ಮೊದಲೇ ಗೋಧಿಯನ್ನು ಸಂಶಯಿಸಿದ್ದರು; 1950ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ಸ್ಥಾಪಿಸಿದರು.

ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಂತೆ ಈ ಕಾಯಿಲೆ ಕಂಡುಬಂದಿತು. ನಮ್ಮಲ್ಲಿ ಅಪರೂಪವೆಂದೇ ವೈದ್ಯರಿಗೂ ಬೇಗ ಹೊಳೆಯುವುದಿಲ್ಲ. ಆದರೆ ಜೋಳ ಉಣ್ಣುತ್ತಿದ್ದ ನಮ್ಮ ಮನೆಗಳಲ್ಲಿ ಈಗ ಚಪಾತಿ ದಿನನಿತ್ಯದ್ದಾಗಿದೆ ಎಂಬುದನ್ನು ಮರೆಯಬಾರದು.

ಒಂದು ಮಾತನ್ನು ಬರೆದುಕೊಳ್ಳಿರಿ. ಸಂಶಯ ಬಂದ ಕೂಡಲೇ ಮನೆಯಲ್ಲಿಯೇ ಗೋಧಿ ನಿಲ್ಲಿಸಬೇಡಿರಿ. ನಿಲ್ಲಿಸಿದ ಮೇಲೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಕಾಯಿಲೆಯ ಗುರುತು ಸಿಗದೆ ಹೋಗಬಹುದು. ಮೊದಲು ಪರೀಕ್ಷೆ, ಅನಂತರ ಪಥ್ಯ. ಒಬ್ಬರಿಗೆ ಇದೆಯೆಂದು ತಿಳಿದರೆ ಅವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಗಿರಣಿಯಲ್ಲಿ ಆದ ತಪ್ಪು

ಹುಡುಗಿಯ ಪಥ್ಯದ ಹೊಣೆಯನ್ನು ನಾನೇ ಹೊತ್ತೆ. ಜೋಳದ ರೊಟ್ಟಿ, ಅನ್ನ, ಬೇಳೆ, ಸೊಪ್ಪು, ಮೊಸರು. ಮೂರು ತಿಂಗಳಲ್ಲಿ ಮುಖದಲ್ಲಿ ಕಳೆ ಬಂತು, ತೂಕ ಏರಿತು. ಆಮೇಲೆ ಏರಿಕೆ ನಿಂತಿತು, ಹೊಟ್ಟೆ ಮತ್ತೆ ಉಬ್ಬತೊಡಗಿತು. ಹುಡುಗಿ ಕದ್ದು ಬಿಸ್ಕತ್ತು ತಿನ್ನುತ್ತಾಳೆಂದು ತಮ್ಮನ ಹೆಂಡತಿ ಬೈದಳು. ಹುಡುಗಿ ಅತ್ತಳು. ನಾನೂ ನಂಬಲಿಲ್ಲ, ನಿಜ ಹೇಳುತ್ತೇನೆ.

ತಪ್ಪು ನನ್ನದಿತ್ತು. ಜೋಳದ ಹಿಟ್ಟನ್ನು ನಾನೇ ನಮ್ಮೂರಿನಲ್ಲಿ ಬೀಸಿಸಿ, ಹತ್ತು ಹತ್ತು ಕಿಲೋ ಕಟ್ಟಿ ಕಳಿಸುತ್ತಿದ್ದೆ. ಒಂದು ದಿನ ಗಿರಣಿಯಲ್ಲಿ ನನ್ನ ಮುಂದಿನವರು ಗೋಧಿ ಸುರಿದರು, ಅದು ಮುಗಿದ ಬೆನ್ನಿಗೇ ನನ್ನ ಜೋಳ. ಮೊದಲು ಬಿದ್ದ ಹಿಟ್ಟಿನ ಬಣ್ಣವೇ ಬೇರೆ ಇತ್ತು. ಎಷ್ಟೋ ಸಲ ಹಾಗೆಯೇ ಆಗಿರಬೇಕು. ನಾನು ನೋಡಿಯೂ ನೋಡಿರಲಿಲ್ಲ.

ಇದೆಷ್ಟು ಸೂಕ್ಷ್ಮವೆಂಬುದಕ್ಕೆ ಲೆಕ್ಕ ಕೇಳಿರಿ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಂತೆ, ಒಂದು ಕಿ.ಗ್ರಾಂ ಆಹಾರದಲ್ಲಿ 20 ಮಿ.ಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತ ಎಂದು ಮಾರುವಂತಿಲ್ಲ. ಗೋಧಿ ಹಿಟ್ಟಿನಲ್ಲಿ ಅಂದಾಜು ಹತ್ತರಲ್ಲೊಂದು ಪಾಲು ಗ್ಲುಟೆನ್ ಎಂದಿಟ್ಟುಕೊಳ್ಳೋಣ. ಹಾಗಾದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಗ್ರಾಮಿನ ಐದನೆಯ ಒಂದು ಭಾಗ ಗೋಧಿ ಹಿಟ್ಟು ಬೆರೆತರೆ ಮಿತಿ ಮುಟ್ಟಿತು. ಅದು ಒಂದು ಚಿಟಿಕೆಯೂ ಆಗಲಾರದು. ದಿನಕ್ಕೆ ಕೇವಲ 50 ಮಿ.ಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ರೋಗಿಯ ಕರುಳು ಕೆಡುವುದನ್ನು ಇಟಲಿಯ ವೈದ್ಯರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಅದು ಅರ್ಧ ಗ್ರಾಂ ಗೋಧಿ ಹಿಟ್ಟಿಗೆ ಸಮ. ಗಿರಣಿಯ ಕಲ್ಲಿನಲ್ಲಿ, ಹಿಟ್ಟು ಬೀಳುವ ಬಟ್ಟೆಯ ತೋಳಿನಲ್ಲಿ ಉಳಿಯುವ ಹಿಟ್ಟು ಇದಕ್ಕಿಂತ ಬಹಳ ಹೆಚ್ಚು.

ಹಾಗಾಗಿ ಇಂಥವರಿರುವ ಮನೆಯವರು ಕಾಳನ್ನು ಆರಿಸಿ, ತೊಳೆದು, ಒಣಗಿಸಿ, ಗೋಧಿಯನ್ನು ಎಂದೂ ಹಾಕದ ಚಿಕ್ಕ ಮನೆಗಿರಣಿಯಲ್ಲಿ ಬೀಸುವುದೇ ಸರಿ. ನಾವೂ ಅದನ್ನೇ ಮಾಡಿದೆವು. ಮುಂದಿನ ರಕ್ತಪರೀಕ್ಷೆಗಳಲ್ಲಿ ಅಂಕಿ ಇಳಿಯುತ್ತಾ ಬಂತು. ಊರ ಗಿರಣಿಯನ್ನು ಪೂರ್ತಿ ಬಿಚ್ಚಿ ಸ್ವಚ್ಛಗೊಳಿಸಿ, ಮೊದಲ ಕೆಲವು ಕಿಲೋ ಅಕ್ಕಿಯನ್ನು ಬೀಸಿ ಆ ಹಿಟ್ಟನ್ನು ದನಗಳಿಗೆ ಹಾಕಿದರೂ ಸ್ವಲ್ಪ ಮಟ್ಟಿಗೆ ಅಪಾಯ ತಗ್ಗುತ್ತದೆ, ಹೋಗುವುದಿಲ್ಲ. ಗೋಧಿ ತುಂಬಿದ್ದ ಚೀಲಕ್ಕೆ ಜೋಳ ತುಂಬಬಾರದು. ಒಕ್ಕುವ ಯಂತ್ರವೂ ಅಷ್ಟೇ, ಗೋಧಿ ಒಕ್ಕಿದ ಬೆನ್ನಿಗೆ ಜೋಳ ಹಾಕಿದರೆ ಕಾಳು ಬೆರೆಯುತ್ತದೆ. ಸ್ತ್ರೀಶಕ್ತಿ ಸಂಘದವರು ಗೋಧಿ ಮುಟ್ಟದ ಒಂದು ಗಿರಣಿಯನ್ನು ಪ್ರತ್ಯೇಕವಾಗಿ ನಡೆಸಿದರೆ ಆ ಹಿಟ್ಟಿಗೆ ಪಟ್ಟಣದಲ್ಲಿ ಗಿರಾಕಿಗಳಿದ್ದಾರೆ. ಆದರೆ ಪರೀಕ್ಷೆ ಮಾಡಿಸದೆ ಗ್ಲುಟೆನ್ ರಹಿತ ಎಂದು ಚೀಟಿ ಅಂಟಿಸಬೇಡಿರಿ.

ಇಲ್ಲಿ ಜವೆಗೋಧಿಯ ಮಾತನ್ನೂ ಹೇಳಬೇಕು. ನಮ್ಮ ಧಾರವಾಡದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ತಳಿಗಳನ್ನು ನಿಮ್ಮಲ್ಲಿ ಕೆಲವರು ಬೆಳೆದಿದ್ದೀರಿ. ಸದಕ, ಖಪಲಿ ಎಂದೂ ಇದಕ್ಕೆ ಹೆಸರಿದೆ. ಹಳೆಯ ಕಾಲದ ಗೋಧಿ, ಹೊಟ್ಟೆಗೆ ಹಗುರ, ಆದ್ದರಿಂದ ಸೀಲಿಯಾಕ್ ಇರುವವರಿಗೂ ನಡೆಯುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಇದು ತಪ್ಪು. ಜವೆಗೋಧಿಯೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ಉಳಿದವರು ಅದರ ಹುಗ್ಗಿಯನ್ನು ಸಂತೋಷವಾಗಿ ಉಣ್ಣಲಿ.

ಮನೆಯ ಅಡುಗೆ

ಪಥ್ಯವೆಂದರೆ ಏನು ಬಿಡಬೇಕೆಂದೇ ಎಲ್ಲರೂ ಕೇಳುತ್ತಾರೆ. ಏನು ಉಳಿಯಿತು ನೋಡಿರಿ: ಅಕ್ಕಿ, ಜೋಳ, ರಾಗಿ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಬರಗು, ಊದಲು, ಎಲ್ಲ ಬೇಳೆಕಾಳು, ಹಾಲು, ತರಕಾರಿ, ಮೊಟ್ಟೆ, ಮಾಂಸ. ಅಮೆರಿಕದಲ್ಲಿಯೋ ಯುರೋಪಿನಲ್ಲಿಯೋ ಬ್ರೆಡ್ಡೇ ಊಟವಾಗಿರುವವರಿಗೆ ಇದು ದೊಡ್ಡ ಕಷ್ಟ. ಅಲ್ಲಿ ಅಂಟಿಲ್ಲದ ಬ್ರೆಡ್ಡು ಮಾಡಲು ನಾನಾ ಪಿಷ್ಟ, ನಾನಾ ಗೋಂದು ಬೆರೆಸುತ್ತಾರೆ. ನಮ್ಮ ಅಜ್ಜಿಯರು ಅಂಟಿಲ್ಲದ ಹಿಟ್ಟಿನಿಂದ ರೊಟ್ಟಿ ಮಾಡುವ ಉಪಾಯವನ್ನು ಎಂದೋ ಕಂಡುಕೊಂಡಿದ್ದರು. ಅದು ಕುದಿಯುವ ನೀರು. ಎಸರನ್ನು ಜೋಳದ ಹಿಟ್ಟಿಗೆ ಹೊಯ್ದಾಗ ಪಿಷ್ಟ ಅರ್ಧ ಬೆಂದು ಜಿಗುಟಾಗುತ್ತದೆ. ಗ್ಲುಟೆನ್ ಮಾಡುವ ಕೆಲಸವನ್ನು ಆ ಪಿಷ್ಟ ಮಾಡುತ್ತದೆ. ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ತಟ್ಟುವುದರ ಮತ್ತು ರಾಗಿ ಮುದ್ದೆಯ ಮರ್ಮವೂ ಇದೇ. ಹಿಟ್ಟು ಹಳತಾದರೆ ರೊಟ್ಟಿ ಬಿರಿಯುತ್ತದೆ, ಆದ್ದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೀಸಿರಿ. ಸಜ್ಜೆ ಹಿಟ್ಟಂತೂ ಬೇಗ ಕಹಿಯಾಗುತ್ತದೆ.

ಬರೀ ಬಿಳಿ ಅನ್ನ, ಸಾಬೂದಾಣಿಯ ಮೇಲೆ ಮಗುವನ್ನು ಬೆಳೆಸುವುದು ಸರಿಯಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಸುಣ್ಣಾಂಶವಿದೆ, ಎಲುಬು ಸೊರಗಿದ ಮಕ್ಕಳಿಗೆ ಇದು ಬೇಕು. ಪಥ್ಯದ ಮೊದಲ ವಾರಗಳಲ್ಲಿ ಕೆಲವರಿಗೆ ಹಾಲೂ ಒಗ್ಗುವುದಿಲ್ಲ. ಕರುಳು ಮಾಗಿದಂತೆ ಸಾಮಾನ್ಯವಾಗಿ ಒಗ್ಗುತ್ತದೆ.

ನಮ್ಮ ಹುಡುಗಿಗೆ ಬಿಡಲು ಕಷ್ಟವಾದದ್ದು ಚಪಾತಿಯಲ್ಲ, ಹೋಳಿಗೆ. ಯುಗಾದಿ ಬಂತು. ಕಡಲೆಬೇಳೆ ಬೆಲ್ಲದ ಅದೇ ಹೂರಣವನ್ನು ಉಕ್ಕರಿಸಿದ ಅಕ್ಕಿ ಹಿಟ್ಟಿನ ಕಣಕದಲ್ಲಿ ತುಂಬಿ, ಹಬೆಯಲ್ಲಿ ಬೇಯಿಸಿ ಕಡುಬು ಮಾಡಿದೆವು, ಮೇಲೆ ತುಪ್ಪ. ಅವಳೊಬ್ಬಳಿಗೇ ಅಲ್ಲ, ಮನೆಮಂದಿಗೆಲ್ಲ ಅದನ್ನೇ ಮಾಡಿದೆವು. ಇದು ಮುಖ್ಯ. ಬೇರೆ ತಟ್ಟೆ, ಬೇರೆ ಮೂಲೆ, ಬೇರೆ ಅಡುಗೆ ಎಂದಾಗಲೇ ಮಕ್ಕಳು ಕದ್ದು ತಿನ್ನುವುದು. ಗೋಧಿ ಹುಗ್ಗಿಯ ಬದಲು ನವಣೆ ಹುಗ್ಗಿ, ಅಂಗಡಿಯ ಶಾವಿಗೆಯ ಬದಲು ಮನೆಯಲ್ಲಿ ಒತ್ತಿದ ಅಕ್ಕಿ ಶಾವಿಗೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದೇ ಇದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಗೋಧಿ ರವೆಯದು. ಪ್ರಸಾದ ಬೇಡವೆನ್ನಲು ಮಕ್ಕಳಿಗೂ ಹಿರಿಯರಿಗೂ ಸಂಕಟ. ನಮ್ಮ ಪುರೋಹಿತರನ್ನು ಕೇಳಿದೆ. ಅಕ್ಕಿ ತರಿಯಿಂದ ಮಾಡಿರಿ, ದೇವರಿಗೆ ನಡೆಯುತ್ತದೆ ಎಂದರು.

ಅಡುಗೆ ಮನೆಯಲ್ಲಿ ಕಾಣದೆ ಇರುವ ಗೋಧಿಯೂ ಇದೆ. ಪುಡಿ ಇಂಗಿನಲ್ಲಿ ಇಂಗು ಸ್ವಲ್ಪ, ಉಳಿದದ್ದು ಗೋಂದು ಮತ್ತು ಹಿಟ್ಟು; ಆ ಹಿಟ್ಟು ಹಲವು ಕಡೆ ಗೋಧಿಯದು. ಪೊಟ್ಟಣದ ಮೇಲೆ ಅಕ್ಕಿ ಹಿಟ್ಟು ಎಂದಿದ್ದರೆ ತರಬಹುದು, ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆಯೇ ಸಾಕು. ಡಬ್ಬಿಯಲ್ಲಿ ಬರುವ ಮಾಲ್ಟ್ ಪೇಯಗಳು ಸಾಮಾನ್ಯವಾಗಿ ಬಾರ್ಲಿಯಿಂದ ಮಾಡಿದವು, ಆಗದು. ಮನೆಯಲ್ಲಿ ಮೊಳಕೆ ಬರಿಸಿ ಮಾಡಿದ ರಾಗಿ ಮಾಲ್ಟ್ ಆಗುತ್ತದೆ. ರವೆ ಎಂಬ ಮಾತೂ ಮೋಸ ಮಾಡುತ್ತದೆ: ಇಡ್ಲಿ ರವೆ ಅಕ್ಕಿಯದು, ಬಾಂಬೆ ರವೆ, ಚಿರೋಟಿ ರವೆ ಗೋಧಿಯವು. ಕಟ್ಟಿದ ಆಹಾರದಲ್ಲಿ ಗೋಧಿ, ಬಾರ್ಲಿಗಳಿದ್ದರೆ ಅದನ್ನು ಹೊದಿಕೆಯ ಮೇಲೆ ತಿಳಿಸಬೇಕೆಂದು 2020ರ ನಿಯಮವಿದೆ, ಓದಿ ತನ್ನಿರಿ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಚಪಾತಿ ಲಟ್ಟಿಸಿದ ಮಣೆಯ ಮೇಲೆ, ಬೇಯಿಸಿದ ಹಂಚಿನ ಮೇಲೆ ಇವರ ರೊಟ್ಟಿ ಬೇಡ. ಒಂದು ಹಂಚು, ಒಂದು ಜರಡಿಯನ್ನು ಪ್ರತ್ಯೇಕವಾಗಿ ಇಡಿರಿ. ಬಿಸಿ ಮಾಡಿದರೆ, ಹುರಿದರೆ, ಕರಿದರೆ ಗ್ಲುಟೆನ್ ಸಾಯುವುದಿಲ್ಲ. ಅದು ಕ್ರಿಮಿಯಲ್ಲ.

ಹೋಟೆಲಿನಲ್ಲಿ

ಸಂತೆಗೋ ಆಸ್ಪತ್ರೆಗೋ ಹೋದಾಗ ಹೋಟೆಲು ತಪ್ಪುವುದಿಲ್ಲ, ಮಕ್ಕಳಿಗೆ ಆಸೆಯೂ ಹೌದು. ಹೋಗಲೇಬೇಡಿರಿ ಎಂದು ನಾನು ಹೇಳುವುದಿಲ್ಲ. ಹೇಗೆ ಕೇಳಬೇಕೆಂಬುದನ್ನು ಹೇಳುತ್ತೇನೆ.

“ಇದರಲ್ಲಿ ಗ್ಲುಟೆನ್ ಇದೆಯೇ” ಎಂದು ಮಾಣಿಯನ್ನು ಕೇಳಿದರೆ ಅವನಿಗೆ ತಿಳಿಯುವುದಿಲ್ಲ, “ಇಲ್ಲ” ಎಂದುಬಿಡುತ್ತಾನೆ. “ಮಗುವಿಗೆ ಗೋಧಿ, ಮೈದಾ, ರವೆ ಆಗುವುದಿಲ್ಲ, ವೈದ್ಯರು ಬೇಡವೆಂದಿದ್ದಾರೆ, ಹಿಟ್ಟಿಗೆ ಇವನ್ನೇನಾದರೂ ಸೇರಿಸಿದ್ದೀರಾ” ಎಂದು ಅಡುಗೆಯವರನ್ನೇ ಕೇಳಬೇಕು. ಜನಜಂಗುಳಿಯ ಹೊತ್ತಿನಲ್ಲಿ ಬೇಡ, ಸ್ವಲ್ಪ ಮೊದಲೇ ಹೋಗಿರಿ. ನಮ್ಮ ಅನುಭವದಲ್ಲಿ ಸಣ್ಣ ಹೋಟೆಲಿನವರೇ ಹೆಚ್ಚು ಅಂತಃಕರಣದಿಂದ ಉತ್ತರ ಕೊಟ್ಟಿದ್ದಾರೆ.

ಅಕ್ಕಿ-ಉದ್ದಿನ ಇಡ್ಲಿ ಎಲ್ಲಕ್ಕಿಂತ ನಿರ್ಭಯ. ರವೆ ಇಡ್ಲಿ ಬೇಡ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ಅದನ್ನು ತಾವು ರೂಪಿಸಿದೆವೆಂದು ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುತ್ತಾರೆ, ಅದು ಗೋಧಿ ರವೆಯದೇ. ನೀರುದೋಸೆ ಬರೀ ಅಕ್ಕಿ. ದಾವಣಗೆರೆಯ ಬೆಣ್ಣೆ ದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ. ಮಸಾಲೆ ದೋಸೆಯನ್ನು ಕೇಳಿಯೇ ತಿನ್ನಬೇಕು, ಗರಿಗರಿಯಾಗಲೆಂದು ಚಿರೋಟಿ ರವೆ ಸೇರಿಸುವವರಿದ್ದಾರೆ. ರವೆ ದೋಸೆ ಹೊಯ್ದ ಕಲ್ಲಿನ ಮೇಲೆಯೇ ಇದನ್ನೂ ಹೊಯ್ಯುತ್ತಾರೆ. ಪೂರಿ, ಪರೋಟ, ಕೇಸರಿಬಾತು, ಮದ್ದೂರು ವಡೆ, ಗೋಳಿಬಜೆ ಇವುಗಳ ಮಾತೇ ಬೇಡ. ಉದ್ದಿನ ವಡೆಯಲ್ಲಿ ಗೋಧಿ ಇಲ್ಲದಿದ್ದರೂ ಪೂರಿ ಕರಿದ ಎಣ್ಣೆಯಲ್ಲಿಯೇ ಅದನ್ನು ಕರಿಯುತ್ತಾರೆ. ನಮ್ಮ ಗಿರ್ಮಿಟ್ ನಡೆಯಬಹುದು, ಅದರ ಜೊತೆಯ ಮೆಣಸಿನಕಾಯಿ ಬಜಿಗೆ ಎಣ್ಣೆಯದೇ ತೊಂದರೆ. ಗೋಬಿ ಮಂಚೂರಿಯಲ್ಲಿ ಮೈದಾ ಇರುತ್ತದೆ, ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಸಾಂಬಾರಿನಲ್ಲಿ ಇಂಗು ಇರುವುದರಿಂದ ಇಡ್ಲಿಗೆ ಚಟ್ನಿ, ಅದೂ ಒಗ್ಗರಣೆ ಹಾಕುವ ಮೊದಲು ತೆಗೆದದ್ದು ಉತ್ತಮ. ಖಾನಾವಳಿಯ ಜೋಳದ ರೊಟ್ಟಿಯನ್ನೂ ಕಣ್ಣು ಮುಚ್ಚಿ ನಂಬಬೇಡಿರಿ. ಲಟ್ಟಿಸಲು ಅನುಕೂಲವೆಂದು ಕೆಲವರು ಗೋಧಿ ಹಿಟ್ಟು ಬೆರೆಸುತ್ತಾರೆ. ಕೈಯಿಂದ ಬಡಿಯುವ ಕಡೆ ಹೋಗಿ, ಬಡಿಯುವವರನ್ನೇ ಕೇಳಿರಿ.

ಮದುವೆ ಮನೆಯಾದರೆ ಹಿಂದಿನ ದಿನವೇ ಅಡುಗೆಯವರಿಗೆ ತಿಳಿಸಿ, ಮೊದಲ ಪಂಕ್ತಿಯಲ್ಲಿ ಕೂರಿಸಿರಿ. ಬಡಿಸುವ ಸೌಟುಗಳು ಆಗ ಇನ್ನೂ ಬೆರೆತಿರುವುದಿಲ್ಲ. ದೂರದ ಪ್ರಯಾಣಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿಯ ಬುತ್ತಿ ಇರಲಿ. ಹೋಟೆಲಿನಲ್ಲಿ ಮೊಸರು ಮಾತ್ರ ಕೊಂಡರೂ ಊಟವಾಗುತ್ತದೆ. ಮೊನ್ನೆ ನಮ್ಮ ಹುಡುಗಿ ಗೆಳತಿಯರ ಸಂಗಡ ಹೋಟೆಲಿಗೆ ಹೋಗಿ, ಅಡುಗೆಯವರನ್ನು ತಾನೇ ಕೇಳಿ, ಇಡ್ಲಿ ತಿಂದು ಬಂದಳಂತೆ. ಈಗ ಹದಿನಾಲ್ಕು ವರ್ಷ. ಎತ್ತರದಲ್ಲಿ ಅವ್ವನ ಭುಜಕ್ಕೆ ಬಂದಿದ್ದಾಳೆ.

ಪಕ್ಕದ ಕೊಠಡಿಯಲ್ಲಿ ಎಸರು ಕುದಿಯುತ್ತಿದೆ. ನಮ್ಮ ಧಾರವಾಡದ ಕಡೆಯವರಿಗೆ ರೊಟ್ಟಿ ಬಡಿಯುವುದನ್ನು ನಾನು ಕಲಿಸಬೇಕಾಗಿಲ್ಲ, ಆದರೆ ಮುದ್ದೆ ತಿರುವಲು ಹಲವರಿಗೆ ಬಾರದು. ಒಂದು ಪಾವು ರಾಗಿ ಹಿಟ್ಟಿಗೆ ಎರಡು ಪಾವು ನೀರು; ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಸೇರಿಸಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ತಿರುವುವುದನ್ನು ಬಾಯಿಮಾತಿನಲ್ಲಿ ಹೇಳಲಾಗದು. ಎಲ್ಲರೂ ಕೈ ತೊಳೆದುಕೊಂಡು ಒಳಗೆ ಬನ್ನಿರಿ.